ಬೆವರು ಕಾಣದ ಬೇಸಿಗೆ

ಹೋದ ವರ್ಷ ಏಪ್ರಿಲ್‌ನಲ್ಲಿ ಸಂಡಿಗೆ ಹಾಕೋಕೆ ತಾರಸಿಗೆ ಹೋಗಿದ್ದೆ. ಎಂಟಕ್ಕೆಲ್ಲ ಮುಗಿಸೋಣ ಅಂದುಕೊಂಡಿದ್ದು, ಹಿಟ್ಟು ಕಾಯಿಸೋದರಲ್ಲೇ ಹತ್ತು ಗಂಟೆ. ಹಳೇ ಪಂಚೆ ಹಾಸಿ ಚಮಚದಲ್ಲಿ ಒಂದೊಂದೇ ಬಿಡುತ್ತಾ ಬಂದೆ. ನಾಲ್ಕನೇ ಸಾಲಿಗೆ ಸಂಡಿಗೆ ಎರಡೆರಡಾಗಿ ಕಾಣಿಸಿತು. ಹೇಗೋ ಟ್ಯಾಂಕಿನ ನೆರಳಿಗೆ ಹೋಗಿ ಕೂತೆ. ಮೈ ಮುಟ್ಟಿ ನೋಡಿಕೊಂಡರೆ ಬೆವರೇ ಇಲ್ಲ!

ಬೆಂಗಳೂರಿನ ಬಿಸಿಲಿನ ಮೋಸವೇ ಇದು. ಮಂಗಳೂರಿನಲ್ಲಾದರೆ ಸೆರಗು ಒದ್ದೆಯಾಗುತ್ತದೆ, ನೀರು ಕುಡಿಯಬೇಕು ಅಂತ ಗೊತ್ತಾಗುತ್ತದೆ. ಇಲ್ಲಿನ ಒಣಗಾಳಿಗೆ ಬೆವರು ಬಂದ ಹಾಗೇ ಆರಿಹೋಗುತ್ತದೆ. ಜೊತೆಗೆ, ನಮ್ಮದು ತಂಪು ಊರು ಅನ್ನೋ ಹಳೇ ಜಂಬ ಬೇರೆ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಮುಟ್ಟಿತ್ತು.

ಅದಕ್ಕೇ ನಾನು ಈಗ ಬಾಯಾರಿಕೆಗೆ ಕಾಯುವುದಿಲ್ಲ, ಗಡಿಯಾರ ನೋಡಿ ಕುಡಿಯುತ್ತೇನೆ. ಮೂತ್ರ ಗಾಢ ಹಳದಿಯಾದರೆ ನೀರು ಸಾಲಲಿಲ್ಲ ಅಂತಲೇ ಲೆಕ್ಕ. ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಹನ್ನೊಂದಕ್ಕೆ ಮಜ್ಜಿಗೆ. ರಾಮನವಮಿಗೆ ಹಂಚುತ್ತಾರಲ್ಲ, ಅಷ್ಟು ನೀರಾಗಿರಬೇಕು: ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು. ಶುಂಠಿ, ಕರಿಬೇವು, ಕೊತ್ತಂಬರಿ ಜಜ್ಜಿ ಹಾಕಿ, ಚಿಟಿಕೆ ಇಂಗು, ಉಪ್ಪು. ಪಾನಕವೂ ಒಳ್ಳೆಯದೇ, ಆದರೆ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಬೆಲ್ಲದ ಪಾತ್ರೆ ಮುಚ್ಚಿಡುವುದೇ ಸರಿ. ಬೆಳಗಿನ ತಿಂಡಿಗೆ ವಾರದಲ್ಲಿ ಎರಡು ದಿನ ರಾಗಿ ಅಂಬಲಿ. ಹಿಟ್ಟನ್ನು ತಣ್ಣೀರಲ್ಲಿ ಕದಡಿಯೇ ಕುದಿಯುವ ನೀರಿಗೆ ಸುರಿಯಿರಿ, ಇಲ್ಲದಿದ್ದರೆ ಗಂಟು ಗ್ಯಾರಂಟಿ. ಆರಿದ ಮೇಲೆ ಮಜ್ಜಿಗೆ ಬೆರೆಸಿ.

ಫ್ರಿಜ್ ನೀರು ನನಗೆ ಒಗ್ಗಲ್ಲ, ಮಡಕೆಯೇ ಬೇಕು. ಹೊಸ ಮಡಕೆಯನ್ನು ಒಂದು ದಿನ ನೀರಲ್ಲಿ ನೆನೆಸಿ. ಸೋಪು ಮುಟ್ಟಿಸಬೇಡಿ, ವಾಸನೆ ಹೀರಿಕೊಳ್ಳುತ್ತದೆ. ತೆಂಗಿನ ನಾರು ಸಾಕು. ಸೊಸೆ ಅಂದವಾಗಿರಲಿ ಅಂತ ಒಂದು ಮಡಕೆಗೆ ಪೇಂಟ್ ಬಳಿದಳು. ನೀರು ತಂಪಾಗಲೇ ಇಲ್ಲ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಗೆ ಆರಬೇಕು, ಆಗಲೇ ಒಳಗಿನದು ತಂಪು. ಪೇಂಟ್ ಆ ದಾರಿಯನ್ನೇ ಮುಚ್ಚಿತ್ತು. ಈಗ ಅದರಲ್ಲಿ ತುಳಸಿ ಇದೆ. ಗಾಳಿ ಆಡುವ ಕಿಟಕಿ ಹತ್ತಿರ ಮರಳಿನ ಮೇಲೆ ಮಡಕೆ ಇಡಿ, ಸಾಕು. ಬೆಂಗಳೂರಿನ ಒಣಗಾಳಿಯಿಂದ ಆಗುವ ಒಂದೇ ಉಪಕಾರ ಇದು ಅಂತ ಕಾಣುತ್ತೆ.

ಪಶ್ಚಿಮದ ಕಿಟಕಿಗೆ ಮಧ್ಯಾಹ್ನವೇ ಪರದೆ ಎಳೆಯಿರಿ, ಸಂಜೆ ಎಲ್ಲ ತೆರೆಯಿರಿ. ವಾಕಿಂಗ್ ಎಂಟರೊಳಗೆ ಮುಗಿಯಲಿ.

ಒಂದು ವಿಷಯದಲ್ಲಿ ಮಾತ್ರ ಮನೆಮದ್ದು ಬೇಡ. ಬಿಸಿಲಿಗೆ ಹೋಗಿ ಬಂದವರ ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಲ್ಲಿ ಮಲಗಿಸಿ, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಸುರಿಯಬೇಡಿ.

ಈ ವರ್ಷವೂ ಸಂಡಿಗೆ ಹಾಕಿದೆ. ಬೆಳಗಿನ ಜಾವವೇ ಹಿಟ್ಟು ಕಾಯಿಸಿ, ಏಳೂವರೆಗೆಲ್ಲ ಕೆಳಗಿಳಿದು ಬಂದೆ. ಕಾಗೆ ಕಾಯೋಕೆ ಹಳೇ ಕಪ್ಪು ಕೊಡೆಯೊಂದನ್ನು ಬಿಚ್ಚಿಟ್ಟಿದ್ದೆ.