ಅಡಾಪ್ಟರ್ ಹತ್ತಿರ 12.1 ವೋಲ್ಟ್, ಟೆಲಿಸ್ಕೋಪ್ ಹತ್ತಿರ 10.7

ಮೂರು ರಾತ್ರಿ ಒಂದೇ ಕಥೆ. ಟೆಲಿಸ್ಕೋಪಿಗೆ ಹಾಕಿದ ಕ್ಯಾಮೆರಾದಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ ಫ್ರೇಮ್‌ಗಳು (ಫೋಟೊಗಳು) ಚೆನ್ನಾಗಿ ಬರುತ್ತಿರುತ್ತವೆ, ಇದ್ದಕ್ಕಿದ್ದಂತೆ ಕ್ಯಾಮೆರಾ ಸಿಗುತ್ತಿಲ್ಲ ಎಂದು ಲ್ಯಾಪ್‌ಟಾಪ್ ಹೇಳುತ್ತದೆ. ಎಲ್ಲರಂತೆ ನಾನೂ ಯುಎಸ್‌ಬಿ ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ. ಪ್ರಯೋಜನ ಆಗಲಿಲ್ಲ.

ಆಮೇಲೆ ಸಾಫ್ಟ್‌ವೇರ್‌ನ ಲಾಗ್ ತೆರೆದು ನಿಧಾನವಾಗಿ ಓದಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ! ಮುಖ್ಯ ಕ್ಯಾಮೆರಾ, ಗೈಡ್ ಕ್ಯಾಮೆರಾ (ಟೆಲಿಸ್ಕೋಪ್ ಗುರಿ ತಪ್ಪದಂತೆ ಒಂದು ನಕ್ಷತ್ರವನ್ನು ನೋಡುತ್ತಿರುವ ಚಿಕ್ಕ ಕ್ಯಾಮೆರಾ) ಎರಡೂ ಒಂದೇ ಸೆಕೆಂಡಿನಲ್ಲಿ ಮಾಯವಾಗಿದ್ದವು. ಎರಡು ಕೇಬಲ್ ಒಟ್ಟಿಗೆ ಕೆಡುವುದಿಲ್ಲ ಅಲ್ವಾ? ಎರಡಕ್ಕೂ ಸಾಮಾನ್ಯವಾಗಿದ್ದದ್ದು ಅವುಗಳ ಕೇಬಲ್ ಸೇರುವ ಯುಎಸ್‌ಬಿ ಹಬ್. ಅದಕ್ಕೆ ಕರೆಂಟ್ ಬರುವುದು ಟೆಲಿಸ್ಕೋಪ್ ಮೇಲಿನ 12 ವೋಲ್ಟ್ ಬಾಕ್ಸಿನಿಂದ. ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೋಟಾರು ಸ್ಟ್ಯಾಂಡ್), ಕ್ಯಾಮೆರಾವನ್ನು ತಣ್ಣಗಿಡುವ ಕೂಲರ್, ಲೆನ್ಸಿನ ಮೇಲೆ ಇಬ್ಬನಿ ಕೂರದಂತೆ ಬಿಸಿ ಮಾಡುವ ಡ್ಯೂ ಹೀಟರ್ ಎಲ್ಲಕ್ಕೂ ಅದೇ ಬಾಕ್ಸ್.

ಮಲ್ಟಿಮೀಟರ್ ಹಿಡಿದು, ಆ ಬಾಕ್ಸಿಗೆ ಕರೆಂಟ್ ಕೊಡುವ ಅಡಾಪ್ಟರ್ ತುದಿಯಲ್ಲಿ ಅಳೆದೆ. 12.1 ವೋಲ್ಟ್. ಸರಿಯಾಗೇ ಇದೆ ಎಂದು ಇನ್ನೊಂದು ರಾತ್ರಿ ಹಾಳು ಮಾಡಿಕೊಂಡೆ. ಅಳೆದದ್ದು ತಪ್ಪು ಜಾಗದಲ್ಲಿ.

ಮಾರನೇ ದಿನ ಹಗಲಲ್ಲೇ ಎಲ್ಲವನ್ನೂ ಮನೆಯೊಳಗೆ ಜೋಡಿಸಿದೆ. ಈ ಪರೀಕ್ಷೆಗೆ ನಕ್ಷತ್ರ ಬೇಕಾಗಿಲ್ಲ, ಟೆಲಿಸ್ಕೋಪಿನ ಮುಚ್ಚಳ ಹಾಕಿದ್ದರೂ ನಡೆಯುತ್ತದೆ. ಕೂಲರ್ ಪೂರ್ತಿ, ಹೀಟರ್ ಪೂರ್ತಿ. ಒಟ್ಟು ಸುಮಾರು 5 ಆಂಪಿಯರ್ ಎಳೆಯುತ್ತಿತ್ತು. ಈಗ ಬಾಕ್ಸಿನ ಹತ್ತಿರ ಅಳೆದರೆ 10.7! ಮೌಂಟನ್ನು ಎರಡೂ ಅಕ್ಷದಲ್ಲಿ ಜೋರಾಗಿ ತಿರುಗಿಸಿದ ತಕ್ಷಣ ಇನ್ನೂ ಇಳಿಯಿತು, ಹಬ್‌ನ ದೀಪ ಒಮ್ಮೆ ಆರಿ ಹತ್ತಿತು. ಕಳ್ಳ ಸಿಕ್ಕಿಬಿದ್ದ. ಇಂಥ ಕ್ಷಣದ ಕುಸಿತವನ್ನು ಮೀಟರ್ ಪೂರ್ತಿ ಹಿಡಿಯುವುದಿಲ್ಲ. ಮಿನಿಮಮ್ ಹಿಡಿದಿಡುವ ಬಟನ್ ಇದ್ದರೆ ಒತ್ತಿ, ಆಗಲೂ ನಿಜವಾದ ಕುಸಿತ ಅದಕ್ಕಿಂತ ಜಾಸ್ತಿ ಇರಬಹುದು.

ತಪ್ಪು ವೈರಿನದು. ಅಡಾಪ್ಟರಿನಿಂದ ಬಾಕ್ಸಿಗೆ 4 ಮೀಟರ್, ದಪ್ಪ ಬರೀ 0.5 ಚದರ ಮಿಲಿಮೀಟರ್. ಕರೆಂಟ್ ಹೋಗಿ ವಾಪಸ್ ಬರಬೇಕು, ಅಂದರೆ 8 ಮೀಟರ್ ತಾಮ್ರ. ಅದರ ರೆಸಿಸ್ಟೆನ್ಸ್ ಸುಮಾರು 0.28 ಓಮ್. 5 ಆಂಪಿಯರ್ ಹರಿದರೆ 1.4 ವೋಲ್ಟ್ ದಾರಿಯಲ್ಲೇ ಖರ್ಚು. ಏನೂ ಎಳೆಯದಿದ್ದಾಗ ಖರ್ಚೂ ಇಲ್ಲ, ಹಾಗಾಗಿ ಸುಮ್ನೆ ಅಳೆದರೆ ಈ ತಪ್ಪು ಕಾಣುವುದೇ ಇಲ್ಲ. ಹೀಟರ್ ಆನ್, ಆಫ್ ಆಗುತ್ತಲೇ ಇರುತ್ತದೆ. ಅದು ಆನ್ ಇದ್ದಾಗಲೇ ಮೌಂಟ್ ತಿರುಗಿದರೆ ಮಾತ್ರ ಹಬ್ ಆಫ್ ಆಗುತ್ತಿತ್ತು. ಅದಕ್ಕೇ ಲೆಕ್ಕಕ್ಕೆ ಸಿಗದೆ ಆಟ ಆಡಿಸಿತ್ತು.

2.5 ಚದರ ಮಿಲಿಮೀಟರ್ ವೈರ್ ಎಳೆದೆ, ಅಡಾಪ್ಟರ್ ಪಕ್ಕ 10 ಆಂಪಿಯರ್ ಫ್ಯೂಸ್ ಹಾಕಿದೆ. ಅದೇ ಹೊರೆಗೆ ಈಗ ಬಾಕ್ಸಿನ ಬಳಿ 11.8. ಅಡಾಪ್ಟರನ್ನೇ 13.8 ವೋಲ್ಟಿನದಕ್ಕೆ ಬದಲಿಸಬಹುದಿತ್ತು, ಆದರೆ ಅಷ್ಟನ್ನು ನನ್ನ ಹಬ್ ತಡೆಯುತ್ತದೆ ಎಂದು ಅದರ ಮೇಲೆ ಬರೆದಿರಲಿಲ್ಲ. ಬಿಟ್ಟೆ.

ಎರಡು ರಾತ್ರಿ ಆರಾಮಾಗಿ ಕಳೆಯಿತು. ಮೂರನೇ ರಾತ್ರಿ ಮೆರಿಡಿಯನ್ ಫ್ಲಿಪ್ (ಗುರಿ ಆಕಾಶದ ಉತ್ತರ-ದಕ್ಷಿಣ ರೇಖೆ ದಾಟಿದಾಗ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಕಡೆಗೆ ಹೊರಳಿಸುವುದು) ಆದ ಕೂಡಲೇ ಮತ್ತೆ ಎರಡೂ ಕ್ಯಾಮೆರಾ ಮಾಯ. ತಲೆ ಕೆಟ್ಟುಹೋಯಿತು. ಟಾರ್ಚ್ ಹಿಡಿದು ಬಾಕ್ಸಿಗೆ ಚುಚ್ಚಿದ ಪ್ಲಗ್ಗನ್ನು ಬೆರಳಿನಿಂದ ಸ್ವಲ್ಪ ಅಲುಗಾಡಿಸಿದರೆ ಹಬ್‌ನ ದೀಪ ಮಿನುಗುತ್ತಿದೆ. ಪ್ಲಗ್‌ನ ಒಳರಂಧ್ರ 2.5 ಮಿಲಿಮೀಟರ್, ಬಾಕ್ಸಿನ ಒಳಗಿನ ಕಡ್ಡಿ 2.1. ಹೊರಗಿನ ಅಳತೆ ಎರಡಕ್ಕೂ 5.5, ಹಾಗಾಗಿ ಸರಾಗವಾಗಿ ಒಳಗೆ ಹೋಗಿ ಕೂರುತ್ತದೆ, ಆದರೆ ಒಳಗೆ ಸಡಿಲ. ಟೆಲಿಸ್ಕೋಪ್ ಆ ಕಡೆ ಹೊರಳಿದಾಗ ವೈರ್ ಎಳೆದು ಸಂಪರ್ಕ ತಪ್ಪುತ್ತಿತ್ತು.

ಸ್ಕ್ರೂ ತಿರುಗಿಸಿ ಬಿಗಿ ಮಾಡುವ, 2.1ರ ಪ್ಲಗ್ ಹಾಕಿದೆ. ವೈರನ್ನು ಒಂದು ಸಡಿಲ ಸುತ್ತು ಬಿಟ್ಟು ಮೌಂಟಿಗೆ ವೆಲ್ಕ್ರೊ ಪಟ್ಟಿಯಲ್ಲಿ ಕಟ್ಟಿದೆ. ಆಮೇಲೆ ಕತ್ತಲಾಗುವ ಮೊದಲೇ ಟೆಲಿಸ್ಕೋಪನ್ನು ಪೂರ್ತಿ ಎರಡೂ ಕಡೆ ಹೊರಳಿಸಿ, ಹಬ್‌ನ ದೀಪದ ಮೇಲೇ ಕಣ್ಣಿಟ್ಟು ಕುಳಿತೆ. ಆರಲಿಲ್ಲ.