ವಿಕಿಪೀಡಿಯದಲ್ಲಿ ಹುಡುಕುವುದು ಹೇಗೆ? ಮೊದಲು ಹೆಸರು ಹಿಡಿಯಿರಿ

ಸೋಮವಾರಪೇಟೆಯ ನೆಂಟರ ಮನೆಯಲ್ಲಿ ಹುಡುಗನೊಬ್ಬನ ಪ್ರಾಜೆಕ್ಟ್ ಪುಸ್ತಕ ತಿರುವಿದೆ. ಕೊಡಗಿನ ಪುಷ್ಪಗಿರಿ ಬೆಟ್ಟ, ಎತ್ತರ 1,712 ಮೀಟರ್. ಸರಿ. ಕೆಳಗಿನ ಸಾಲಿನಲ್ಲೇ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಈ ಬೆಟ್ಟದ ಬೌದ್ಧ ವಿಹಾರವನ್ನು ವರ್ಣಿಸಿದ್ದ! ಆ ವಿಹಾರ ಒಡಿಶಾದ್ದು. ಕಡಪ ಜಿಲ್ಲೆಯಲ್ಲಿ ಪೆನ್ನಾ ದಂಡೆಯ ಮೇಲೆ ಇನ್ನೊಂದು ಪುಷ್ಪಗಿರಿ ಇದೆ. ಹುಡುಗ ಅಲ್ಲಿಯವರೆಗೆ ಹೋಗಿರಲಿಲ್ಲ, ಪುಣ್ಯ.

ಮೊದಲ ಹೆಜ್ಜೆ, ವಿಕಿಪೀಡಿಯ ತೆರೆಯುವುದು. ಬ್ರೌಸರಿನಲ್ಲೇ ತೆರೆಯಿರಿ. ವಿಶ್ವಕೋಶವೆಂದು ಹೆಸರಿಟ್ಟುಕೊಂಡು ಜಾಹೀರಾತು ತುಂಬಿದ ಆ್ಯಪ್‌ಗಳನ್ನು ಮೊಬೈಲಿಗೆ ಸೇರಿಸಲೇಬೇಡಿ.

ಎಲ್ಲರೂ ಎಡವುವುದು ಎರಡನೆಯದರಲ್ಲಿ. ವಿಶ್ವಕೋಶದ ಪುಟಕ್ಕಿರುವುದು ಹೆಸರು, ಪ್ರಶ್ನೆಯಲ್ಲ. 'ಆಕ್ಟೋಪಸ್‌ಗೆ ಎಷ್ಟು ಹೃದಯ' ಎಂದು ಹಾಕುವ ಬದಲು 'ಆಕ್ಟೋಪಸ್' ಎಂದಷ್ಟೇ ಹಾಕಿ. ಮೂರು ಹೃದಯ, ಎರಡು ಕಿವಿರುಗಳಿಗೆ, ಒಂದು ಉಳಿದ ಮೈಗೆ ಎಂಬ ಉತ್ತರ ಪುಟದೊಳಗೆ ಸಿಗುತ್ತದೆ. ಕನ್ನಡದ ಪುಟ ಚಿಕ್ಕದಿದ್ದರೆ ಭಾಷೆ ಬದಲಿಸುವ ಗುರುತನ್ನು ಒತ್ತಿ, ಅದೇ ವಿಷಯದ ಇಂಗ್ಲಿಷ್ ಪುಟಕ್ಕೆ ದಾಟಿ. ಕನ್ನಡ ಶೀರ್ಷಿಕೆಗಳಲ್ಲಿ ಕಾಗುಣಿತದ ಕಾಟವೂ ಇದೆ: ವಿರಾಜಪೇಟೆ ಸಿಗದಿದ್ದರೆ ವೀರಾಜಪೇಟೆ ಹಾಕಿ ನೋಡಿ. ಹಳೆಯ ಸಂಗತಿಗೆ ಹಳೆಯ ಹೆಸರೇ ಬೇಕು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರ ಕಾಗದಗಳಲ್ಲಿ ಇರುವುದು ಕೂರ್ಗ್ ಮತ್ತು ಮರ್ಕರಾ (ಮಡಿಕೇರಿ). ಅರೇಬಿಕಾ ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕದಂಥ ಕೀಟವಾದರೆ ಅದರ ವೈಜ್ಞಾನಿಕ ಹೆಸರು 'ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್' ಎಂಬುದನ್ನು ರೋಮನ್ ಲಿಪಿಯಲ್ಲಿ ಹಾಕಿ. ಊರೂರಿಗೆ ಬದಲಾಗುವ ಹೆಸರುಗಳ ರಗಳೆ ಅಲ್ಲಿಗೆ ಮುಗಿಯಿತು.

ಒಂದೇ ಹೆಸರಿಗೆ ಹಲವು ಪುಟಗಳಿದ್ದರೆ ಪಟ್ಟಿಯೊಂದು ಎದುರಾಗುತ್ತದೆ. ಮೊದಲ ಸಾಲನ್ನೇ ಒತ್ತಬೇಡಿ. ರಾಜ್ಯ, ಜಿಲ್ಲೆ ನೋಡಿ ಒತ್ತಿ. ಪುಟ ತೆರೆದ ಮೇಲೂ ಮೊದಲ ವಾಕ್ಯ ಓದಿ, ಇದು ನಮ್ಮದೇ ಬೆಟ್ಟವೇ ಎಂದು ಖಾತ್ರಿ ಮಾಡಿಕೊಳ್ಳಿ. ಒಂದೇ ಬೆಟ್ಟಕ್ಕೆ ಎರಡು ಹೆಸರಿರುವುದೂ ಉಂಟು: ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರಿಗೆ ಪುಷ್ಪಗಿರಿ ಕುಮಾರ ಪರ್ವತವಾಗುತ್ತದೆ. ಹುಡುಕುತಾಣ ಮೇಲ್ಗಡೆ ತೋರಿಸುವ ನಾಲ್ಕು ಸಾಲಿನ ಸಾರಾಂಶ ನನಗೆ ಆಗದು. ಹುಡುಗ ಬಿದ್ದದ್ದು ಅದೇ ಗುಂಡಿಗೆ.

ಆಮೇಲೆ ಓದಿ. ನಡುವೆ ಕಾಣುವ ನೀಲಿ ಪದಗಳನ್ನು ಬೇರೆ ಟ್ಯಾಬಿನಲ್ಲಿ ತೆರೆದಿಡಿ, ಇಲ್ಲವಾದರೆ ಕರಿಮೆಣಸಿನಿಂದ ಹೊರಟವರು ವಾಸ್ಕೋ ಡ ಗಾಮನ ಹಡಗಿನಲ್ಲಿ ಕುಳಿತಿರುತ್ತೀರಿ.

ಅಂಕಿ, ಇಸವಿ ಬರೆದುಕೊಳ್ಳುವ ಮುನ್ನ ಪಕ್ಕದ ಪುಟ್ಟ ಸಂಖ್ಯೆಯನ್ನು ಒತ್ತಿ. ಅದು ಸರ್ಕಾರಿ ಗೆಜೆಟಿಯರಿಗೋ ಒಳ್ಳೆಯ ಪುಸ್ತಕಕ್ಕೋ ಒಯ್ದರೆ ಬರೆದುಕೊಳ್ಳಿ. ಹೋಂಸ್ಟೇ ಜಾಹೀರಾತಿಗೆ ಒಯ್ದರೆ ಬಿಡಿ. ಕೊಡಗಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್ ಎಂಬುದಕ್ಕೆ ಕೋಣೆ ಬಾಡಿಗೆಗೆ ಕೊಡುವವರ ಸಾಕ್ಷಿ ಬೇಡ. ಅನುಮಾನ ಬಂದರೆ ಪುಟದ ಬದಲಾವಣೆಗಳ ಪಟ್ಟಿಯಾದ 'ಇತಿಹಾಸ' ಒತ್ತಿ. ಆ ಸಾಲು ನಿನ್ನೆ ರಾತ್ರಿ ಯಾರೋ ತುರುಕಿದ್ದೇ ಎಂಬುದು ಗೊತ್ತಾಗುತ್ತದೆ.

ಮಳೆಗಾಲಕ್ಕೊಂದು ಅಡ್ಡದಾರಿ: ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ವಿಕಿಪೀಡಿಯವನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು. ಹಾಗೆ ಇಳಿಸಿದ ಪ್ರತಿ ತಾನಾಗಿ ಹೊಸದಾಗುವುದಿಲ್ಲ. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ ಮರ ಬಿದ್ದು ತಂತಿ ಹರಿದು ಮೂರು ದಿನ ಕರೆಂಟ್ ಬಾರದ ಊರಿನಲ್ಲಿ ಅಷ್ಟು ಸಾಕು. ಫೋನ್ ಮಾತ್ರ ಹಿಂದಿನ ದಿನವೇ ಚಾರ್ಜ್ ಮಾಡಿಟ್ಟಿರಿ.