ನನ್ನ ಇಷ್ಟಲಿಂಗ ಇನ್ನೂ ಅವ್ವನ ಜಗಲಿಯಲ್ಲಿದೆ

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಮುಂದೆ ಹೋಗುವಾಗ ನನ್ನ ಬೈಕ್ ಸ್ವಲ್ಪ ನಿಧಾನವಾಗುತ್ತದೆ. ಹಿಂದೆ ಕೂತ ಹೆಂಡತಿಗೆ ಕಾರಣ ಗೊತ್ತು. ಆಕ್ಸಿಲರೇಟರ್ ಬಿಟ್ಟ ಬಲಗೈ ಎದೆ ಮುಟ್ಟಿಕೊಳ್ಳಲು ಹೋಗಿರುತ್ತದೆ. ಬೇಕು ಅಂತ ಮಾಡುವುದಲ್ಲ, ಕೈ ತಾನೇ ಹೋಗುತ್ತದೆ. ನಾನು ಮುಸಲ್ಮಾನನಾಗಿ 13 ವರ್ಷ ದಾಟಿತು. ಐದು ಹೊತ್ತಿನ ನಮಾಜಿನಲ್ಲಿ ನಾಲ್ಕು ಹೊತ್ತಾದರೂ ತಪ್ಪಿಸುವುದಿಲ್ಲ. ಕೈಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಧರ್ಮ ಬದಲಿಸಿದ್ದು ಹೇಗೆ ಅಂತ ಕೇಳುವವರಿಗೆ ಸಾಮಾನ್ಯವಾಗಿ ಉತ್ತರ ಮೊದಲೇ ಗೊತ್ತಿರುತ್ತದೆ. ಕೆಲವರ ಪ್ರಕಾರ ನಾನು ಮೋಸ ಹೋದವನು. ಕೆಲವರ ಪ್ರಕಾರ ಕತ್ತಲಿಂದ ಬೆಳಕಿಗೆ ಬಂದವನು. ಇಬ್ಬರಿಗೂ ನನ್ನ ಬಾಯಿಂದ ಒಂದು ಬೈಗುಳ ಬೇಕು, ಬಿಟ್ಟದ್ದನ್ನೋ ಹಿಡಿದದ್ದನ್ನೋ ಬೈಯಬೇಕು. ಅದು ನನ್ನಿಂದ ಆಗಿಲ್ಲ.

ನಮ್ಮದು ಗದಗ ಜಿಲ್ಲೆಯ ಹಳ್ಳಿ. ಲಿಂಗಾಯತರ ಮನೆ. ಶಾಲೆಯ ದಾಖಲೆಯಲ್ಲಿ ‘ಹಿಂದೂ ಲಿಂಗಾಯತ’ ಅಂತಿದೆ. ಅಜ್ಜನ ಹೆಸರು ಫಕೀರಪ್ಪ. ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಓಣಿಗೊಬ್ಬ ಫಕೀರಪ್ಪ, ಒಬ್ಬಳು ಫಕೀರವ್ವ ಇದ್ದೇ ಇರುತ್ತಾರೆ. ಚಿಕ್ಕವನಿದ್ದಾಗ ನನಗೆ ಜ್ವರ ಬಿಡಲಿಲ್ಲ ಅಂತ ಅವ್ವ ಅಲಾಯಿ ದೇವರಿಗೆ ಹರಕೆ ಹೊತ್ತಳು. ಆ ವರ್ಷದ ಮೊಹರಂನಲ್ಲಿ ನನ್ನನ್ನು ಫಕೀರನನ್ನಾಗಿ ಮಾಡಿದರು. ಕೊರಳಿಗೆ ಕೆಂಪು ಲಾಡಿ, ಕೈಯಲ್ಲಿ ಜೋಳಿಗೆ. ಐದು ಮನೆ ಬೇಡಿ ಬಂದೆ. ಕತ್ತಲ ರಾತ್ರಿ ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಕುಣಿದು, ಮೊಹರಂನ ಸಿಹಿ ಚೊಂಗ್ಯಾ ತಿಂದೆ. ಕೊರಳಲ್ಲಿ ಲಾಡಿಯ ಪಕ್ಕದಲ್ಲೇ ಲಿಂಗವೂ ಇತ್ತು. ಯಾರೂ ಏನೂ ಅನ್ನಲಿಲ್ಲ.

ಮುಂದೆ ನಾನು ನಿಜವಾಗಿ ಮುಸಲ್ಮಾನನಾದಾಗ ಮಸೀದಿಯ ಹುಡುಗರು ಹೇಳಿದ ಮೊದಲ ಮಾತುಗಳಲ್ಲಿ ಇದೂ ಒಂದು: ಮೊಹರಂನಲ್ಲಿ ಕೂರಿಸುವ ಪಂಜಾ, ಅಲಾಯಿ, ಫಕೀರ ಆಗುವುದು, ಇದೆಲ್ಲ ಇಸ್ಲಾಂ ಅಲ್ಲ. ನನ್ನ ಅವ್ವನಿಗೆ ಗೊತ್ತಿದ್ದ ಇಸ್ಲಾಂ ಅದೊಂದೇ. ಅದನ್ನೂ ಬಿಟ್ಟು ನಾನು ಇಸ್ಲಾಮಿಗೆ ಹೋಗಬೇಕಿತ್ತು.

ನಾನು ಕಲಿಮಾ, ಅಂದರೆ ಇಸ್ಲಾಮಿಗೆ ಸೇರುವ ಸಾಕ್ಷಿಮಾತು, ಹೇಳಿದ್ದು 2012ರ ಜನವರಿಯಲ್ಲಿ, ಹುಬ್ಬಳ್ಳಿಯಲ್ಲಿ. ಸುಳ್ಳು ಯಾಕೆ, ಮದುವೆಗಾಗಿಯೇ ಹೇಳಿದ್ದು. ಬೇರೆ ದಾರಿ ಇರಲಿಲ್ಲ ಅಂತಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಇದೆ, ಅದರಡಿ ಯಾರೂ ಧರ್ಮ ಬಿಡಬೇಕಿಲ್ಲ. ಆದರೆ 30 ದಿನದ ನೋಟಿಸನ್ನು ಕಚೇರಿಯ ಗೋಡೆಗೆ ಹಚ್ಚುತ್ತಾರೆ. ಆ 30 ದಿನದಲ್ಲಿ ಯಾರ್‍ಯಾರು ಓದಬಹುದು, ಓದಿ ಎಲ್ಲೆಲ್ಲಿ ಹೋಗಬಹುದು ಅಂತ ಒಂದು ಚಹಾದಂಗಡಿಯಲ್ಲಿ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಅವಳ ಅಪ್ಪನೂ ನಿಕಾಹ್ ಆದರೆ ಮಾತ್ರ ಒಪ್ಪುತ್ತೇನೆ ಅಂದಿದ್ದರು. ಸರಿ ಅಂದೆ. ಆಗ ನನಗೆ 29. ಅದೊಂದು ಅರ್ಜಿ ತುಂಬಿದ ಹಾಗೆ ಅಂದುಕೊಂಡಿದ್ದೆ.

ಸ್ನಾನ ಮಾಡಿ ಬರಲು ಹೇಳಿದ್ದರು. ಮಸೀದಿಯ ಮೌಲವಿ ಹಜರತ್ತರು ವಯಸ್ಸಾದವರು, ಧಾರವಾಡ ಕಡೆಯ ಕನ್ನಡ. ಮೊದಲೇ ಕೇಳಿದರು, ‘ಯಾರರೆ ಒತ್ತಾಯ ಮಾಡ್ಯಾರೇನಪಾ?’ ಇಲ್ಲ ಅಂದೆ. ‘ಹುಡುಗಿ ಸಲುವಾಗಿ ಬಂದೀಯೋ ಅಲ್ಲಾಹನ ಸಲುವಾಗಿ ಬಂದೀಯೋ?’ ನಾನು ಸುಮ್ಮನಿದ್ದೆ. ಅವರು ನಕ್ಕು, ‘ಬಾಗಿಲಾ ಯಾವುದಾದ್ರೂ ಇರಲಿ’ ಅಂದು ಕಲಿಮಾ ಹೇಳಿಕೊಟ್ಟರು. ಇಬ್ಬರು ಸಾಕ್ಷಿಗಳಿದ್ದರು. ಎಲ್ಲ ಸೇರಿ ಹತ್ತು ನಿಮಿಷ. ಹೊರಗೆ ಬಂದು ನೋಡಿದರೆ ನನ್ನ ಚಪ್ಪಲಿ ಕಳವಾಗಿತ್ತು. ಮಠದಲ್ಲೂ ಹೀಗೇ ಆಗುತ್ತಿತ್ತು, ಬಿಡಿ.

ಹೆಸರು ಬದಲಿಸಲೇಬೇಕು ಅಂತ ಇಲ್ಲ, ಅರ್ಥ ಕೆಟ್ಟದ್ದಿರಬಾರದು ಅಷ್ಟೇ ಅಂದರು. ನಿಕಾಹ್‌ನಾಮಾಕ್ಕೆ ಒಂದು ಹೆಸರು ಇಟ್ಟುಕೊಂಡೆ. ಆಫೀಸು, ಬ್ಯಾಂಕು, ಆಧಾರ್‌ನಲ್ಲಿ ಹಳೇದೇ ಇದೆ. ಸುನ್ನತಿಯ ವಿಷಯ ಎಲ್ಲರಿಗೂ ಕೇಳಬೇಕು, ನೇರ ಕೇಳುವುದಿಲ್ಲ. ಮುಸಲ್ಮಾನನಾಗಲು ಅದು ಶರತ್ತಲ್ಲ ಅಂತ ಹಜರತ್ತರು ಹೇಳಿದರು. ಅದರ ಮುಂದಿನದು ನನ್ನ ಮತ್ತು ಡಾಕ್ಟರ ವಿಷಯ.

ಈಗಾಗಿದ್ದರೆ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ. ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆಯ ಪ್ರಕಾರ ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆದುಕೊಡಬೇಕು, ಆದ ಮೇಲೆ ಮತ್ತೊಮ್ಮೆ ಕೊಡಬೇಕು. ಅದನ್ನು ರದ್ದು ಮಾಡುವುದಾಗಿ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಹೋಗುವವರು, ಬರುವವರು ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು.

ಕಲಿಮಾ ಹೇಳಿ ಮೂರು ದಿನ ಬಿಟ್ಟು ಊರಿಗೆ ಹೋದೆ. ಲಿಂಗವನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಅದನ್ನಿಡುವ ಡಬ್ಬಿ ಕರಡಿಗೆ ಸಮೇತ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಹತ್ತು ಸಲ ಮುಟ್ಟಿ ನೋಡಿಕೊಂಡೆ. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ತವೆ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅರಿವೆಯಿಂದ ಒತ್ತಿ ಒತ್ತಿ ಸುಟ್ಟಳು. ಉಬ್ಬಿದ ಮೇಲೆ ಬುಟ್ಟಿಗೆ ಹಾಕಿದಳು. ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿದಳು. ನಾನು ಕರಡಿಗೆ ಇಟ್ಟೆ. ‘ಇದರ ಪೂಜಾ ನಾ ಮಾಡ್ತೀನಿ. ನೀ ಉಣ್ಣು’ ಅಂದಳು. ಅಪ್ಪ ಎದ್ದು ಹೊಲಕ್ಕೆ ಹೋದರು. ನಾನು ವಾಪಸ್ ಬಸ್ ಹತ್ತುವ ತನಕ ಬರಲಿಲ್ಲ. ಆಮೇಲೆ ಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಇನ್ನು ಕಲಿಕೆಯ ಮಾತು. ಕುರಾನಿನ ಮೊದಲ ಅಧ್ಯಾಯ ಫಾತಿಹಾ ಸೂರಾದಲ್ಲಿ ಇರುವುದು ಏಳೇ ಆಯತು, ಅಂದರೆ ವಾಕ್ಯ. ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಅರಬ್ಬಿಯಲ್ಲಿ ಎರಡು ಬೇರೆ ಬೇರೆ ‘ಹ’ ಇವೆ, ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯಬೇಕು. ಗಂಟಲಿನಿಂದ ಬರುವ ‘ಐನ್’ ನನಗೆ ಇವತ್ತಿಗೂ ಕೆಮ್ಮಿನ ಹಾಗೆ ಬರುತ್ತದೆ. ಹೆಂಡತಿ ಮನೆಯವರು ಆಡುವ ದಖನಿ ಉರ್ದು ಮಾತ್ರ ಆರು ತಿಂಗಳಲ್ಲಿ ಬಂತು, ಅರ್ಧ ಕನ್ನಡವೇ ಅಲ್ವಾ. ಮಾಂಸ ನನ್ನಿಂದ ಆಗಲಿಲ್ಲ. ಮೊದಲ ಬಕ್ರೀದ್‌ಗೆ ಮಾವ ಪ್ರೀತಿಯಿಂದ ತಟ್ಟೆಗೆ ಹಾಕಿದ ಎರಡು ತುಂಡು ತಿಂದು ಹಿತ್ತಿಲಿಗೆ ಓಡಿದೆ. ತಿನ್ನಲೇಬೇಕು ಅಂತ ಎಲ್ಲೂ ಇಲ್ಲ ಅಂತ ಅತ್ತೆಯೇ ಜಗಳ ಮಾಡಿ ನನ್ನನ್ನು ಬಿಡಿಸಿದರು. ಈಗ ಕುರ್ಬಾನಿಯಲ್ಲಿ ನನ್ನ ಪಾಲು ಪೂರ್ತಿ ಹಂಚಿಬಿಡುತ್ತೇನೆ. ಮನೆಯಲ್ಲಿ ಪುಂಡಿಪಲ್ಯ, ಜೋಳದ ರೊಟ್ಟಿ.

ಮೊದಲ ರಂಜಾನ್ ಮರೆಯುವಂತಿಲ್ಲ. 2012ರಲ್ಲಿ ಶ್ರಾವಣ ಮತ್ತು ರಂಜಾನ್ ಹೆಚ್ಚೂಕಡಿಮೆ ಒಟ್ಟಿಗೇ ಬಂದವು. ಒಂದೇ ಅಮಾವಾಸ್ಯೆ ಕಳೆದು ಎರಡೂ ಶುರು. ಊರಲ್ಲಿ ಅವ್ವನ ಶ್ರಾವಣ ಸೋಮವಾರ, ಇಲ್ಲಿ ನನ್ನ ರೋಜಾ. ಸಂಜೆ ಫೋನ್ ಮಾಡಿ, ‘ನೀರರೆ ಕುಡದೀಯಿಲ್ಲೋ?’ ಅಂತ ಕೇಳುತ್ತಿದ್ದಳು. ಹಗಲು ನೀರೂ ಕುಡಿಯಬಾರದು ಅಂದರೆ ಅವಳಿಗೆ ಸಿಟ್ಟು. ‘ಅದೆಂಥಾ ದೇವರೋ, ನಮ್ಮ ಶಿವಾ ಸಾಬೂದಾಣಿಗೆ ಏನೂ ಅನ್ನೂದಿಲ್ಲ.’ ಮರುವರ್ಷ ಎರಡೂ ದೂರವಾದವು. ನಮ್ಮ ಪಂಚಾಂಗ ಅಧಿಕ ಮಾಸ ಸೇರಿಸಿಕೊಂಡು ಮಳೆಗಾಲದ ಜೊತೆಗೇ ಇರುತ್ತದೆ. ಹಿಜರಿಯಲ್ಲಿ ಆ ಲೆಕ್ಕ ಇಲ್ಲ, ರಂಜಾನ್ ವರ್ಷಕ್ಕೆ 11 ದಿನದಷ್ಟು ಹಿಂದೆ ಸರಿಯುತ್ತದೆ. ನೋಡಿ, ಈಗಲೂ ‘ನಮ್ಮ ಪಂಚಾಂಗ’ ಅಂತಲೇ ಬರೆದಿದ್ದೇನೆ.

ನಂಬಿಕೆ ಬಂದದ್ದು ಯಾವಾಗ? ನಾಲ್ಕು ವರ್ಷ ನಾನು ಮಾಡಿದ ನಮಾಜ್ ಮಾವನಿಗೆ, ಹೆಂಡತಿಗೆ, ಓಣಿಯವರಿಗೆ ತೋರಿಸಲಿಕ್ಕೆ. ಆಮೇಲೊಮ್ಮೆ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಚಳಿಗಾಲ. ಬೆಳಗಿನ ಜಾವ ಅಲಾರಂ ಇಲ್ಲದೆ ಎಚ್ಚರವಾಯಿತು. ತಣ್ಣೀರಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ ನಿಂತೆ. ಸಜ್ದಾದಲ್ಲಿ ಹಣೆ ನೆಲಕ್ಕೆ ಹಚ್ಚಿದಾಗ ಹೊಳೆಯಿತು, ಮನೆಯಲ್ಲಿ ಯಾರೂ ಇಲ್ಲ. ಬಹಳ ಹೊತ್ತು ಹಾಗೇ ಇದ್ದೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಸೀದಿಯವರು, ‘ಹಂಗಾರ ಇಷ್ಟು ದಿನ?’ ಅಂತಿದ್ದರು.

ಆಚೆಯಿಂದ ಈಚೆಗೆ ಬಂದವರೂ ಗೊತ್ತು. ನಮ್ಮ ಆಫೀಸಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಮುಸ್ಲಿಂ ಮನೆಯಲ್ಲಿ ಹುಟ್ಟಿ, ಶುದ್ಧಿ ಮಾಡಿಸಿಕೊಂಡು, ಹೋಮದ ಮುಂದೆ ಕೂತು ಹಿಂದೂ ಹುಡುಗನನ್ನು ಮದುವೆಯಾದವಳು. ವರಮಹಾಲಕ್ಷ್ಮಿ ಪೂಜೆಯನ್ನು ಅತ್ತೆಗಿಂತ ಚೆನ್ನಾಗಿ ಮಾಡುತ್ತಾಳಂತೆ. ಒಮ್ಮೆ ಊಟದ ಹೊತ್ತಿನಲ್ಲಿ ನನ್ನ ಕೈಯ ಕತೆ ಹೇಳಿದೆ. ಡಬ್ಬಿ ಮುಚ್ಚುತ್ತಾ ಅಂದಳು, ‘ನಾನು ಕುಕ್ಕರಿಗೆ ಅಕ್ಕಿ ಹಾಕುವಾಗ ಬಾಯಲ್ಲಿ ಬಿಸ್ಮಿಲ್ಲಾ ಬರುತ್ತೆ. ಅತ್ತೆ ಪಕ್ಕದಲ್ಲಿದ್ದರೆ ಕೆಮ್ಮಿಬಿಡ್ತೀನಿ.’ ಇಬ್ಬರೂ ಬಹಳ ನಕ್ಕೆವು. ತವರಿನವರು ಅವಳ ಫೋನ್ ತೆಗೆಯುವುದಿಲ್ಲ. ಆ ಲೆಕ್ಕದಲ್ಲಿ ನಾನು ಪುಣ್ಯವಂತ.

ಅಪ್ಪ ಮಾತಾಡಿದ್ದು 2015ರಲ್ಲಿ ಮಗಳು ಹುಟ್ಟಿದಾಗ. ತೊಟ್ಟಿಲು ಹೊತ್ತು ತಂದರು. ಮಾವ ಮಗುವಿನ ಕಿವಿಯಲ್ಲಿ ಅಜಾನ್ ಹೇಳಿದ್ದನ್ನು ತಿಳಿದು, ‘ಆತು, ಇನ್ನೊಂದು ಕಿವಿ ನಮಗ ಬಿಡ್ರಿ’ ಅಂದರು. ಎರಡನೇ ಕಿವಿಯಲ್ಲಿ ಇಕಾಮತ್ ಹೇಳಿ ಆಗಿತ್ತು, ಯಾರೂ ತಿಳಿಸಲಿಲ್ಲ. 2018ರ ಮಾರ್ಚ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮ ಅಂತ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿದಾಗ ಅಪ್ಪ ತಾವಾಗಿಯೇ ಫೋನ್ ಮಾಡಿದರು. ‘ನೀ ಒಬ್ಬನ ಹೊರಗ ಹ್ವಾದಿ ಅಂತ ನಿಮ್ಮವ್ವ ಅತ್ತಳು. ಈಗ ನಾವೆಲ್ಲಾರೂ ಹೊರಗ ಹೊಂಟೀವಂತ.’

ಮರುವರ್ಷ ಅಪ್ಪ ತೀರಿಕೊಂಡರು. ಹೋಗಬಹುದಾ, ಮಣ್ಣು ಹಾಕಬಹುದಾ ಅಂತ ಹಜರತ್ತರಿಗೆ ಬೆಳಗಿನ ಐದಕ್ಕೇ ಫೋನ್ ಮಾಡಿದೆ. ಅಬೂ ತಾಲಿಬ್ ಇಸ್ಲಾಂ ಒಪ್ಪದೇ ತೀರಿಕೊಂಡಾಗ, ಹೋಗಿ ನಿನ್ನ ತಂದೆಯನ್ನು ಹೂಳು ಅಂತ ಪ್ರವಾದಿಯವರು ಅಲಿಯವರಿಗೆ ಹೇಳಿದ ಹದೀಸ್ ಇದೆ ಅಂದರು. ‘ಕೇಳೂದೇನೈತಿ, ಗಾಡಿ ಹತ್ತು.’

ಊರಲ್ಲಿ ಅಪ್ಪನನ್ನು ಕಟ್ಟೆ ಮೇಲೆ ಕೂರಿಸಿದ್ದರು. ಹಣೆ ತುಂಬ ವಿಭೂತಿ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಕುಣಿ ತೆಗೆದು, ಅದರ ಒಂದು ಮಗ್ಗುಲಿಗೆ ಗೂಡು ಕೊರೆದು, ಅದರೊಳಗೆ ಪದ್ಮಾಸನದಲ್ಲಿ ಕೂರಿಸುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಹಿಂದಿನ ವರ್ಷವಷ್ಟೇ ಹೆಂಡತಿಯ ಅಜ್ಜನ ಮಯ್ಯತ್‌ಗೆ, ಅಂದರೆ ಶವಕ್ಕೆ, ಹೆಗಲು ಕೊಟ್ಟಿದ್ದೆ. ಅಲ್ಲೂ ಕುಣಿಯ ಮಗ್ಗುಲಿಗೆ ಗೂಡು ತೆಗೆದಿದ್ದರು, ಲಹದ್ ಅನ್ನುತ್ತಾರೆ. ಅವರನ್ನು ಕಿಬ್ಲಾ ಕಡೆಗೆ, ಅಂದರೆ ಮಕ್ಕಾ ಇರುವ ಪಶ್ಚಿಮಕ್ಕೆ, ಮುಖ ಮಾಡಿ ಮಲಗಿಸಿದ್ದರು. ಅಪ್ಪನನ್ನು ಕೂರಿಸಿದರು. ನಾನು ಮುಂದೆ ಬಂದಾಗ ಕಾಕಾ ಕೈ ಅಡ್ಡ ಹಿಡಿದ. ಅಯ್ಯನವರು ಬಿಲ್ವಪತ್ರೆ ಹಾಕುತ್ತಲೇ, ‘ಮಣ್ಣು ಹಾಕಾಕ ಯಾವ ದೀಕ್ಷಾನೂ ಬ್ಯಾಡ, ಬಿಡ್ರಿ’ ಅಂದರು. ಮೂರು ಹಿಡಿ ಹಾಕಿದೆ. ಮೂರೇ ಯಾಕೆ ಅಂತ ಅಲ್ಲಿದ್ದವರಿಗೆ ಗೊತ್ತಾಗಿರಲಿಕ್ಕಿಲ್ಲ. ಮಯ್ಯತ್‌ಗೆ ಹಾಗೆ ಹಾಕುತ್ತೇವೆ.

ಹದಿನೈದು ದಿನಕ್ಕೆ ಆಸ್ತಿಯ ಮಾತು ಬಂತು. ಧರ್ಮ ಬಿಟ್ಟವನಿಗೆ ಪಾಲಿಲ್ಲ ಅಂತ ಕಾಕಾ. ವಕೀಲರ ಹತ್ತಿರ ಹೋದೆ. 1850ರ ಹಳೇ ಕಾಯ್ದೆಯ ಪ್ರಕಾರ ಧರ್ಮ ಬಿಟ್ಟ ಮಾತ್ರಕ್ಕೆ ನನ್ನ ಹಕ್ಕು ಹೋಗುವುದಿಲ್ಲ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನ ಪ್ರಕಾರ, ಮತಾಂತರದ ನಂತರ ಹುಟ್ಟಿದ ನನ್ನ ಮಗಳು ನನ್ನ ಹಿಂದೂ ಸಂಬಂಧಿಕರ ಆಸ್ತಿಗೆ ವಾರಸುದಾರಳಲ್ಲ. ಇದನ್ನು ಹೇಗೋ ನುಂಗಿದೆ. ನುಂಗಲಾಗದ್ದು ಮುಂದಿನದು. ‘ನೀವು ತೀರಿಕೊಂಡರೆ ನಿಮಗೆ ಮುಸ್ಲಿಂ ಕಾನೂನು. ತಾಯಿ ಹಿಂದೂ ಆಗಿರೋದ್ರಿಂದ ಅವರಿಗೆ ನಿಮ್ಮ ಆಸ್ತಿಯಲ್ಲಿ ಪಾಲು ಬರಲ್ಲ.’ ಕಲಿಮಾ ಹೇಳುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹತ್ತು ನಿಮಿಷದಲ್ಲಿ ನಾನು ಕಾಗದದ ಮೇಲೆ ಅವ್ವನ ಮಗನಾಗಿ ಉಳಿದಿರಲಿಲ್ಲ. ಅದಕ್ಕೂ ಒಂದು ದಾರಿ ಇದೆ. ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯತ್, ಅಂದರೆ ಉಯಿಲು, ಬರೆಯಬಹುದು. ಮರುವಾರವೇ ಅವ್ವನ ಹೆಸರಿಗೆ ಬರೆದೆ. ನನ್ನ ಹಾಗೆ ಹೋದವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಇದೊಂದು ಮಾಡಿ.

ವಸಿಯತ್ ಬಗ್ಗೆ ಅವ್ವನಿಗೆ ಹೇಳಿದರೆ, ‘ನೀ ಯಾಕ ನನಗಿಂತ ಮೊದಲ ಸಾಯ್ತೀ, ಮೂಳ’ ಅಂತ ಬೈದಳು.

ಅವಳಿಗೆ ಈಗ 74. ದಿನಾ ಬೆಳಗ್ಗೆ ಎರಡು ಲಿಂಗ ಪೂಜೆ ಮಾಡುತ್ತಾಳೆ, ಮೊದಲು ತನ್ನದು, ಆಮೇಲೆ ನನ್ನದು. ನನ್ನದರ ಮೇಲಿನ ಕಪ್ಪು ಲೇಪ, ಕಂತಿ, ಒಂದು ಕಡೆ ಚೂರು ಸವೆದಿದೆ. ನಾನು ಹೋದರೆ ದೇವರ ಜಗಲಿಯ ಎದುರಿನ ಕೋಣೆಯಲ್ಲಿ ಚಾಪೆ ಹಾಸಿಕೊಡುತ್ತಾಳೆ. ಪಶ್ಚಿಮ ಯಾವ ಕಡೆ ಅಂತ ಅವಳಿಗೆ ಬಾಯಿಪಾಠ.

ಕಳೆದ ಯುಗಾದಿಗೆ ತಂಗಿ ಫೋನ್ ಮಾಡಿದ್ದಳು. ಅವ್ವ ತನ್ನ ಮಣ್ಣಿನ ವ್ಯವಸ್ಥೆಯನ್ನೆಲ್ಲ ಹೇಳಿಟ್ಟಿದ್ದಾಳಂತೆ, ಯಾವ ಸೀರೆ, ಯಾವ ಅಯ್ಯನವರು. ಕೊನೆಗೆ, ‘ಅಣ್ಣನ ಲಿಂಗಾನೂ ನನ್ನ ಕೈಯಾಗ ಇಟ್ಟುಬಿಡ್ರಿ. ಅದನ್ನ ಯಾರು ಪೂಜಾ ಮಾಡ್ತಾರ ಆಮ್ಯಾಲ’ ಅಂದಳಂತೆ. ತಂಗಿ ಕೇಳುತ್ತಿದ್ದಾಳೆ, ನಿನಗೆ ಒಪ್ಪಿಗೆಯಾ ಅಂತ.

ಇನ್ನೂ ಏನೂ ಹೇಳಿಲ್ಲ.